ನಾದಿನಿಯ ಹಿತ್ತಾಳೆ ಕೊಪ್ಪರಿಗೆ

ಸಾವಿರದ ಒಂಬೈನೂರ ನಲವತ್ತರಲ್ಲಿ ಇಂಗ್ಲೆಂಡನ್ನು ಕಾಪಾಡಿದವರು ಯಾರು ಎಂದರೆ ಜನ ಬೇರೆ ಬೇರೆ ಹೆಸರು ಹೇಳುತ್ತಾರೆ. ವೂಸ್ಟರ್ ಸೀಮೆಯ ನೆದರ್ ಬ್ರಾಕ್ಟನ್ನಿನ ವಿನಿಫ್ರೆಡಮ್ಮನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಕಾಪಾಡಿದ್ದು ತಾನೇ. ಊರಿನ ಮಹಿಳಾ ಸಂಘದ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತು ಆಕೆಗೆ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ, ಗಂಡ ಕತ್‌ಬರ್ಟನಿಗೆ ಬಾಯಿಲ್ಲ. ಆ ಕುರ್ಚಿಯೂ ಹೋದರೆ ತನ್ನನ್ನು ಕೇಳುವವರಾರು ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ವರ್ಷದ ಆರಂಭದಲ್ಲೇ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಕಂಡವರ ಚಹಾ ಬಟ್ಟಲಿಗೆ ಬಗ್ಗಿ ನೋಡುವ ಅಧಿಕಾರವನ್ನು ಈಕೆಗೆ ಯಾರು ಕೊಟ್ಟರೋ ದೇವರೇ ಬಲ್ಲ. ಬೇಸಿಗೆಯಲ್ಲಿ, ಜರ್ಮನರು ಬಂದರೆ ದಾರಿ ತಪ್ಪಲಿ ಎಂದು ಸರ್ಕಾರ ಊರ ಹೆಸರಿನ ಹಲಗೆಗಳನ್ನೆಲ್ಲ ಕೀಳಿಸಿತು. ಜರ್ಮನರು ಬರಲಿಲ್ಲ, ದಾರಿ ತಪ್ಪಿದವನು ಕಲ್ಲಿದ್ದಲು ಗಾಡಿಯವನು. "ಇದು ಯಾವೂರಮ್ಮಾ?" ಎಂದು ಕೇಳಿದ್ದಕ್ಕೆ ವಿನಿಫ್ರೆಡಮ್ಮ, "ನಿನಗ್ಯಾಕಯ್ಯಾ ಅದೆಲ್ಲ?" ಎಂದು ಗದರಿ ಕಳಿಸಿದಳು. ಊರಿಗೆ ಊರೇ ತಣ್ಣೀರಲ್ಲಿ ಸ್ನಾನ ಮಾಡಿತು.

ಜುಲೈನಲ್ಲಿ, ವಿಮಾನ ಕಟ್ಟಬೇಕು, ಅಲ್ಯೂಮಿನಿಯಂ ಪಾತ್ರೆ ಕೊಡಿ ಎಂದು ಕರೆ ಬಂತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಸರ್ಕಾರ ಕೇಳಿದ್ದು ಅಲ್ಯೂಮಿನಿಯಂ, ಈಕೆ ಎತ್ತಿಸಿದ್ದು ತಾಮ್ರ, ಹಿತ್ತಾಳೆ ಎಲ್ಲವನ್ನೂ.

"ಹಿತ್ತಾಳೆ ಹಾರಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಅಂಚೆ ಕಚೇರಿಯ ಟ್ರಾಂಟರಮ್ಮನ ಬಾಯಿ ಮುಚ್ಚಿಸಿದಳು. ಸಭಾಮಂದಿರದ ಹಿತ್ತಲಲ್ಲಿ ಗುಡ್ಡೆ ಬಿದ್ದ ಪಾತ್ರೆಗಳನ್ನು ಯಾರಾದರೂ ವಾಪಸ್ ಒಯ್ದಾರೆಂಬ ಅನುಮಾನಕ್ಕೆ, ಕತ್‌ಬರ್ಟನ ಕೈಗೆ ಸುತ್ತಿಗೆ ಕೊಟ್ಟು ಎಲ್ಲವನ್ನೂ ಬಡಿದು ರೊಟ್ಟಿ ಮಾಡಿಸಿದಳು.

ಕೊಡದೆ ಉಳಿದವಳು ಒಬ್ಬಳೇ: ಪಕ್ಕದ ಮನೆಯ ಡಾರ್ಕಸ್, ಕತ್‌ಬರ್ಟನ ತಂಗಿ. ಮದುವೆಯಾಗದವಳು, ನಾಲಿಗೆ ಸ್ವಲ್ಪ ಚುರುಕು.

"ಅಮ್ಮ ಜಾಮ್ ಕಾಯಿಸ್ತಿದ್ದ ಕೊಪ್ಪರಿಗೆ ಇದು. ಹಿಟ್ಲರ್ ಬಂದ್ರೆ ಇದರಲ್ಲೇ ಬೇಯಿಸ್ತೀನಿ, ಹೋಗು ಅತ್ತಿಗೆ," ಎಂದು ಬಾಗಿಲು ಹಾಕಿಕೊಂಡಳು.

ಅಂದಿನಿಂದ ಡಾರ್ಕಸ್ ದೇಶದ್ರೋಹಿ. ಚರ್ಚಿನಲ್ಲಿ ಅವಳ ಬೆಂಚಿಗೆ ಯಾರೂ ಕೂರಬಾರದೆಂದು ವಿನಿಫ್ರೆಡಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹುಬ್ಬಿನಲ್ಲೇ ಹೇಳಿದಳು, ಊರು ಕೇಳಿತು.

ಆಗಸ್ಟಿನಲ್ಲಿ ಪ್ಲಮ್ ಹಣ್ಣು ಕೊಂಬೆ ಮುರಿಯುವಷ್ಟು ಬಿಟ್ಟಿತು. ಹಣ್ಣು ಹಾಳಾಗದಿರಲಿ, ಜಾಮ್ ಮಾಡಿ ಎಂದು ಸರ್ಕಾರ ಸಂಘಕ್ಕೆ ಸಕ್ಕರೆ ಮೂಟೆಗಳನ್ನೇ ಕಳಿಸಿತು. ಶುಕ್ರವಾರದೊಳಗೆ ಒಲೆ ಹತ್ತದಿದ್ದರೆ ಸಕ್ಕರೆ ಪಕ್ಕದೂರಿನ ಸಂಘಕ್ಕೆ. ಹಣ್ಣಿದೆ, ಸಕ್ಕರೆಯಿದೆ, ಹೆಂಗಸರಿದ್ದಾರೆ. ಕಾಯಿಸುವುದು ಯಾವುದರಲ್ಲಿ? ಗುಡ್ಡೆ ಇನ್ನೂ ಹಿತ್ತಲಲ್ಲೇ ಮಳೆಗೆ ನೆನೆಯುತ್ತ ಬಿದ್ದಿತ್ತು. ಒಂದರಲ್ಲೂ ಒಂದು ಚಮಚ ನೀರು ನಿಲ್ಲುವಂತಿರಲಿಲ್ಲ.

ಹೆಂಗಸರೆಲ್ಲ ಅಧ್ಯಕ್ಷೆಯ ಮುಖ ನೋಡಿದರು. ಕುರ್ಚಿಯ ಕಾಲು ಅಲುಗಿದ್ದು ಆಕೆಗೆ ಗೊತ್ತಾಯಿತು. ಬೇರೆ ದಾರಿ ಕಾಣದೆ ನಾದಿನಿಯ ಬಾಗಿಲು ತಟ್ಟಿದಳು.

ಈ ಇಂಗ್ಲಿಷ್ ಜನರ ರೀತಿಯೇ ವಿಚಿತ್ರ. ಸಂತೆಯಲ್ಲಿ ಯಾರಾದರೂ ಇವರ ಕಾಲು ತುಳಿದರೆ ಇವರೇ ಸಾರಿ ಅನ್ನುತ್ತಾರೆ. ನಿಜವಾಗಿ ತಪ್ಪು ಮಾಡಿದ ದಿನ ಮಾತ್ರ ಹವಾಮಾನ ಮಾತಾಡುತ್ತಾರೆ.

"ಮೋಡ ಆಗಿದೆ ಅಲ್ವಾ," ಎಂದಳು ವಿನಿಫ್ರೆಡಮ್ಮ.

"ಆಗಿದೆ ಅತ್ತಿಗೆ."

"ನಿನ್ನೆ ಇರಲಿಲ್ಲ."

"ಇರಲಿಲ್ಲ."

"ಹೀಗೇ ಇದ್ರೆ ಹಣ್ಣಿಗೆ ಒಳ್ಳೇದಲ್ಲ."

"ನೀನು ಮೋಡ ತೋರಿಸೋಕೆ ಬಂದಿಲ್ಲ," ಎಂದಳು ಡಾರ್ಕಸ್. "ತಪ್ಪಾಯ್ತು ಅನ್ನು, ಕೊಪ್ಪರಿಗೆ ತಗೊಂಡು ಹೋಗು. ಇಲ್ಲಿ ನಾನು ನೀನು ಬಿಟ್ರೆ ಯಾರೂ ಇಲ್ಲ."

ವಿನಿಫ್ರೆಡಮ್ಮ ಬಾಯಿ ತೆರೆದಳು. "ಸಂಜೆಗೆ ಮಳೆ ಬರಬಹುದು," ಎಂದು ಹೇಳಿ ತಿರುಗಿ ನಡೆದಳು.

ಗುರುವಾರ ಬೆಳಿಗ್ಗೆ ಡಾರ್ಕಸ್ ತಾನಾಗಿಯೇ ಕೊಪ್ಪರಿಗೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಸಭಾಮಂದಿರಕ್ಕೆ ಬಂದಳು. "ಹಣ್ಣೇನು ತಪ್ಪು ಮಾಡಿದೆ ಪಾಪ," ಎಂದಷ್ಟೇ ಅಂದು ಒಲೆ ಹೊತ್ತಿಸಿದಳು. ಹಣ್ಣು ಮುಗಿಯುವವರೆಗೂ ಕೊಪ್ಪರಿಗೆ ಒಲೆಯಿಂದ ಇಳಿಯಲಿಲ್ಲ. ಟ್ರಾಂಟರಮ್ಮ ಅವಳ ಪಕ್ಕದಲ್ಲೇ ನಿಂತು ಹಣ್ಣು ಬಿಡಿಸಿಕೊಟ್ಟಳು. ಸಕ್ಕರೆ ಊರಲ್ಲೇ ಉಳಿಯಿತು.

ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ! ಚಳಿಗಾಲದ ಸಭೆಗೆ ಜಿಲ್ಲೆಯಿಂದ ಅಧಿಕಾರಿಣಿಯೊಬ್ಬರು ಬಂದು ಜಾಮನ್ನು ಹೊಗಳಿದಾಗ ವಿನಿಫ್ರೆಡಮ್ಮ ಎದ್ದು ನಿಂತಳು.

"ಪಾತ್ರೆ ಕೊಡುವಾಗಲೇ ನಮ್ಮ ಸಂಘ ಮುಂದಾಲೋಚನೆ ಮಾಡಿ ಒಂದು ಕೊಪ್ಪರಿಗೆ ತೆಗೆದಿಟ್ಟಿತ್ತು," ಎಂದಳು.

ಉಣ್ಣೆ ಹೆಣೆಯುತ್ತಿದ್ದ ಕೈಗಳೆಲ್ಲ ನಿಂತವು. ಡಾರ್ಕಸ್ ಕಿಟಕಿಯ ಕಡೆ ನೋಡಿದಳು. ಟ್ರಾಂಟರಮ್ಮ ನಿಧಾನವಾಗಿ ಎದ್ದಳು.

"ನಮ್ಮ ಅಧ್ಯಕ್ಷೆ ಇಷ್ಟು ವರ್ಷ ನಮಗೋಸ್ಕರ ಸವೆದಿದಾರೆ. ಇನ್ನೂ ದುಡಿಸಿಕೊಂಡ್ರೆ ನಮಗೆ ಒಳ್ಳೇದಾಗಲ್ಲ. ಪಾಪ, ವಿಶ್ರಾಂತಿ ತಗೊಳ್ಲಿ."

ಚಪ್ಪಾಳೆ ಬಿತ್ತು. ನಿಲ್ಲಲೇ ಇಲ್ಲ. ಆ ನಾಡಿನಲ್ಲಿ ಯಾರನ್ನೂ ಕತ್ತು ಹಿಡಿದು ತಳ್ಳುವುದಿಲ್ಲ, ಹೊಗಳಿ ಹೊಗಳಿ ಹೊರಗೆ ಬಿಡುತ್ತಾರೆ. ಡಾರ್ಕಸ್ ಅಧ್ಯಕ್ಷೆಯಾಗಲಿ ಎಂದು ಯಾರೋ ಅಂದರು, ಕೈಗಳು ಮೇಲೆದ್ದವು. ಎತ್ತದಿದ್ದರೆ ಮರ್ಯಾದೆಯಲ್ಲ ಎಂದು ವಿನಿಫ್ರೆಡಮ್ಮನೂ ಎತ್ತಿದಳು.

ಡಾರ್ಕಸ್ ಬಂದು ಕುರ್ಚಿಯಲ್ಲಿ ಕೂತಳು. ಮೆಲ್ಲಗೆ, "ಅಲ್ಲಿ ನನ್ನ ಜಾಗ ಖಾಲಿಯಿದೆ, ಹೋಗಿ ಕೂತ್ಕೋ ಅತ್ತಿಗೆ," ಎಂದಳು.

"ಪರವಾಗಿಲ್ಲ, ನಿಂತಿರ್ತೀನಿ," ಎಂದಳು ವಿನಿಫ್ರೆಡಮ್ಮ. ಸಭೆ ಮುಗಿಯುವವರೆಗೂ ನಿಂತೇ ಇದ್ದಳು.