ಚಪ್ಪಲಿ ಬಿಚ್ಚದೆ ಒಳಬಂದವರು

ಬಾಡಿಗೆ ಮನೆಯ ಹೊಸ್ತಿಲಲ್ಲೇ ಮನೆಯೊಡತಿ ಮುನಿಯಮ್ಮ ನನ್ನ ಭುಜಕ್ಕೆ ಮೂಗು ತಂದು ಮೂಸಿದಳು.

"ಪೌಡ್ರು ಹಾಕ್ಕೊಂಡಿದೀರಾ ಮೇಡಮ್ಮಾ? ಮೊದ್ಲು ಸ್ನಾನ ಮಾಡ್ಕೊಂಡ್ ಬನ್ನಿ. ಹುಳ ಸತ್ತೋಗ್ತವೆ."

ಎಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನನ್ನು ಹೀಗೆ ಸ್ನಾನಕ್ಕೆ ಅಟ್ಟಿದಳು! ಮಂಗಳೂರಿನ ಕಾನ್ವೆಂಟಿನಲ್ಲಿ ಲ್ಯಾವೆಂಡರ್ ಪೌಡರ್ ಅಂದರೆ ಗುಡ್ ಮ್ಯಾನರ್ಸ್. ಶಿಡ್ಲಘಟ್ಟದ ಪಕ್ಕದ ಈ ಹಳ್ಳಿಯಲ್ಲಿ ಅದು ಕೊಲೆ ಯತ್ನ. ರೇಷ್ಮೆಹುಳುವಿಗೆ ಪರಿಮಳ ಆಗದು. ಮನೆಗಂಟಿಕೊಂಡ ಅವಳ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಅವರ ಕಣ್ಣೂ ಬೀಳಬಾರದು. ಅಂದಿನಿಂದ ಪೌಡರ್ ಬಿಟ್ಟೆ. ಈ ಊರಿಗೆ ಬಂದು ಮೀನು ಬಿಟ್ಟದ್ದಕ್ಕಿಂತ ಅದೇ ಕಷ್ಟವಾಯಿತು.

ರಿಟೈರ್ ಆದ ಮೇಲೆ ಸುಮ್ಮನೆ ಕೂರಲಾರದೆ ಇಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದವಳು ನಾನು. ಅಲ್ಲಿ ಸಮುದ್ರ, ಇಲ್ಲಿ ಹಿಪ್ಪುನೇರಳೆ ತೋಟ. ಅಲ್ಲಿ ಬಾಯಿಗೆ ಬಂದ ತುಳು, ಕೊಂಕಣಿ. ಇಲ್ಲಿ ಕನ್ನಡದಲ್ಲಿ ಶುರುವಾದ ಬೈಗುಳ ತೆಲುಗಿನಲ್ಲಿ ಮುಗಿಯುತ್ತದೆ. ನನ್ನ ಒಂದೇ ಪುಟ್ಟ ವಿಕ್ಟರಿ ಇಂಟರ್ನೆಟ್ ಕ್ಲಾಸು. ಮಂಗಳೂರಿನ ನನ್ನ ಹಳೆಯ ಶಾಲೆಯಲ್ಲಿ ಈಗ ಟೀಚರ್ ಆಗಿರುವ ಶಿಷ್ಯೆ ಲೀನಾಳ ಮೂವತ್ತು ಹುಡುಗಿಯರು, ಇಲ್ಲಿನ ಹತ್ತನೇ ಕ್ಲಾಸಿನವರು, ಎಲ್ಲರೂ ಒಂದೇ ಆನ್‌ಲೈನ್ ಪುಟದಲ್ಲಿ ಕೂಡಿ ರೇಷ್ಮೆಯ ಬಗ್ಗೆ ಪ್ರಾಜೆಕ್ಟ್ ಬರೆಯುವುದು. ನಮ್ಮವರು ಮೊದಮೊದಲು ಇನ್ನೊಬ್ಬರ ವಾಕ್ಯ ತಿದ್ದಲು ಹೆದರಿದರು. "ಅಕ್ಕಾ, ನಿಮ್ ಸೆಂಟೆನ್ಸ್‌ನ ಮುಟ್ಲಾ?" ಎಂದು ಕೇಳಿದವಳು ಮುನಿಯಮ್ಮನ ಮೊಮ್ಮಗಳು ನಾಗವೇಣಿ. "ಮುಟ್ಟು ಮಾರಾಯ್ತಿ, ಅದೆಂಥ ಮೈಲಿಗೆಯಾ!" ಎಂದು ಆ ಕಡೆ ನಕ್ಕರು. ಎರಡೇ ತಿಂಗಳಲ್ಲಿ ಅರ್ಧ ಪುಟ ಅವಳದೇ. ಅವಳು ಇದನ್ನು ಚೆನ್ನಾಗಿ ಮುಗಿಸಿದರೆ ಪಿಯುಸಿಗೆ ಅಲ್ಲೇ ಸೀಟು, ಹಾಸ್ಟೆಲ್ ಕೊಡಿಸುತ್ತೇನೆಂದು ಲೀನಾ ಮಾತು ಕೊಟ್ಟಳು.

ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚುವ ನಿದ್ದೆಯಿಂದ, ಎದ್ದ ವಾರ. ಮುನಿಯಮ್ಮ ಸೊಪ್ಪಿಗೆ ತೋಟಕ್ಕೆ ಹೋಗಿದ್ದಳು. "ಮಂಗಳೂರಿನವರಿಗೆ ಲೈವ್ ಆಗಿ ತೋರಿಸು ಡಿಯರ್" ಎಂದು ನಾನೇ ವಿಡಿಯೋ ಕಾಲ್ ಹಚ್ಚಿ ಫೋನು ನಾಗವೇಣಿಯ ಕೈಗಿತ್ತೆ. ನಾನು ಮಾತ್ರ ವಿಧೇಯಳಾಗಿ ಬರಿಗಾಲಲ್ಲಿ ಬಾಗಿಲಾಚೆ ನಿಂತೆ. ಒಳಗೆ ಅವಳ ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. ನನಗೆ ಕಣ್ಣು ತುಂಬಿತು.

ನಾಲ್ಕು ದಿನಕ್ಕೆ ಹುಳಗಳ ಮೈ ಊದಿ ಹಾಲಿನಂಥ ನೀರು ಒಸರತೊಡಗಿತು. ಹಾಲುತೊಂಡೆ ರೋಗ. ಇಡೀ ಬೆಳೆ ತಿಪ್ಪೆಗೆ ಹೋಯಿತು. ಫೋನಿನ ವಿಷಯ ಮೊಮ್ಮಗಳಿಂದ ತಿಳಿದಿದ್ದರೂ, ಬುಟ್ಟಿ ಬರಿದು ಮಾಡಿ ಬಂದ ಮುನಿಯಮ್ಮ ಕೂಗಾಡಲಿಲ್ಲ.

"ನೀವೊಬ್ರೇ ಒಳಗೆ ಬಂದಿದ್ರೆ ಹೋಗ್ಲಿ ಅಂತಿದ್ದೆ ಮೇಡಮ್ಮಾ. ಮೂವತ್ತು ಜನಾನ ಬಿಟ್ರಲ್ಲ, ಚಪ್ಲೀನೂ ಬಿಚ್ಚಿಸ್ದೆ."

"ಅದು ಇನ್ಫೆಕ್ಷನ್ ಮುನಿಯಮ್ಮ, ನೋಡಿದ್ದಕ್ಕೆ ಬರೋದಲ್ಲ."

"ಆಗ್ಲಿ. ಇವ್ಳಿನ್ನು ಆ ಫೋನು ಮುಟ್ಟಲ್ಲ. ಮಂಗ್ಳೂರ್ಗೂ ಹೋಗಲ್ಲ."

ನಾಗವೇಣಿಯನ್ನು ಬಾವಿಯ ಹತ್ತಿರ ಹಿಡಿದು ನಿಲ್ಲಿಸಿದೆ. ನಾನು ಅಜ್ಜಿಯ ಹತ್ತಿರ ಇನ್ನೊಮ್ಮೆ ಮಾತಾಡುತ್ತೇನೆ ಎಂದೆ.

"ಬಿಡಿ ಮಿಸ್. ಕಣ್ಣು ಬಿದ್ದು ಹುಳ ಸಾಯಲ್ಲ ಅಂತ ನಂಗೂ ಗೊತ್ತು. ಆದ್ರೂ ಮುಂದಿನ್ ಸಲ ಹುಳ ಸತ್ರೆ ಅಜ್ಜಿ ನನ್ ಮುಖಾನೇ ನೋಡ್ತಾಳಲ್ವಾ?"

ಪ್ರಾಜೆಕ್ಟನ್ನು ಮಂಗಳೂರಿನವರೇ ಮುಗಿಸಿದರು. ಅವಳ ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಸೀಟು ಬೇರೆ ಯಾರಿಗೋ ಹೋಯಿತು.

ರಜೆಗೆ ಮಂಗಳೂರಿಗೆ ಹೋಗಿದ್ದೆ. ಲೀನಾ ಅಪ್ಪಿಕೊಂಡು, "ಮಿಸ್, ನಿಮ್ಮ ಲ್ಯಾವೆಂಡರ್ ವಾಸನೆಯೇ ಇಲ್ಲ, ಯಾರನ್ನೋ ಅಪ್ಪಿಕೊಂಡ ಹಾಗಾಯ್ತು" ಎಂದು ತನ್ನ ಪೌಡರ್ ಡಬ್ಬಿ ಮುಂದೆ ಹಿಡಿದಳು. ಅಂಗೈಗೆ ಸುರಿದುಕೊಂಡೆ. ಹಾಗೇ ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟೆ. ಆ ಹುಳುಮನೆಯ ಬಾಗಿಲಿಗೂ ಮುನಿಯಮ್ಮ ಈಗ ನನ್ನನ್ನು ಸೇರಿಸುವುದಿಲ್ಲ. ಆದರೂ ತೊಳೆಯದಿರಲು ಆಗಲಿಲ್ಲ.