ಸೂಲಗಿತ್ತಿಯ ಊರುಗೋಲಿಗೆ ಉಪ್ಪುಕಾಗದ

ನಮ್ಮ ಯಜಮಾನರು ಮಧುಗಿರಿಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದರು. ಮರ ಕೊಯ್ದು ಜೋಡಿಸುವುದು ಅವರ ಪಾಲು, ಉಪ್ಪುಕಾಗದ ಹಿಡಿದು ಉಜ್ಜುವುದು ನನ್ನ ಪಾಲು. ಮದುವೆಯಾಗಿ ಬಂದ ಹೊಸದರಲ್ಲಿ ಅಂಗೈಯೆಲ್ಲ ಬೊಬ್ಬೆ. ಆಮೇಲೆ ಕಣ್ಣು ಮುಚ್ಚಿ ಮುಟ್ಟಿದರೂ ಇದು ದೊರಗು, ಇದು ನಡುವಿನದು, ಇದು ನಯ ಎಂದು ಹೇಳುವಷ್ಟು ಪಳಗಿದೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಬೀದಿಯ ಸೂಲಗಿತ್ತಿ ಎತ್ತಿನ ಗಾಡಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ನನ್ನ ಹೆರಿಗೆಗಳನ್ನೆಲ್ಲ ಮಾಡಿಸಿದ ಮುದುಕಿ. ತಿಂಗಳುಗಟ್ಟಲೆ ಮಲಗಿ ಎದ್ದರೂ ಆ ಕಾಲನ್ನು ನೆಲಕ್ಕೆ ಊರಲಾಗುತ್ತಿರಲಿಲ್ಲ. ಯಜಮಾನರು ಬೇವಿನ ಮರದಲ್ಲಿ ಕಂಕುಳಿಗೆ ಕೊಡುವ ಊರುಗೋಲು ಮಾಡಿದರು. ಆಗ ಉಪ್ಪುಕಾಗದ ಸಿಗುವುದೇ ಕಷ್ಟ. ನಯದ ಹಾಳೆಗಳನ್ನು ಒಬ್ಬ ವರ್ತಕರ ಮಂಚಕ್ಕೆಂದು ಎತ್ತಿಟ್ಟಿದ್ದೆವು. ಹಾಗಾಗಿ ಊರುಗೋಲನ್ನು ನಡುವಿನ ಕಾಗದದಲ್ಲೇ ಉಜ್ಜಿ ಕೊಟ್ಟೆ. ಕೈಗೆ ಚೆನ್ನಾಗಿಯೇ ಇತ್ತು.

ಕೆಲವು ದಿನ ಓಡಾಡಿದವಳು ಮತ್ತೆ ಹೊರಗೆ ಕಾಣಲಿಲ್ಲ. ಬಡವನಹಳ್ಳಿಯಿಂದ ಹೆರಿಗೆಗೆ ಕರೆಯಲು ಬಂದವರನ್ನೂ ವಾಪಸು ಕಳಿಸಿದಳೆಂದು ಕೇಳಿ ನೋಡಲು ಹೋದೆ.

“ಯಾಕಜ್ಜಿ, ಕೋಲು ಹಿಡಿಸ್ಲಿಲ್ವಾ?”

“ಕೋಲು ಚೆನ್ನಾಗೈತೆ ಕಣಮ್ಮ. ನನ್ ಚರ್ಮನೇ ಹಳೇದು, ಏನ್ ಮಾಡಾನ.”

ಸೆರಗು ಸರಿಸಿ ನೋಡಿದೆ. ಕಂಕುಳು ಸುಲಿದು ಕೆಂಪಗಾಗಿತ್ತು. ಕೋಲಿನ ಮೇಲಿನ ಅಡ್ಡಪಟ್ಟಿ ಮುಟ್ಟಿದರೆ, ನಾನು ಉಜ್ಜಿ ಕೊಟ್ಟದ್ದೇ ಅಲ್ಲವೇನೋ ಎನ್ನುವಷ್ಟು ತರಿತರಿ. ಬೆವರು ಕುಡಿದು ಮರದ ನಾರೆಲ್ಲ ಎದ್ದು ನಿಂತಿತ್ತು. ಹೊಸ ಮಣೆಯನ್ನು ತೊಳೆದು ಒಣಗಿಸಿದಾಗಲೂ ಹೀಗೇ ಆಗುತ್ತದೆ. ನನಗೆ ಹೊಳೆಯಬೇಕಿತ್ತು.

ಕೋಲನ್ನು ಮನೆಗೆ ತಂದು ಯಜಮಾನರನ್ನು ನಯದ ಕಾಗದ ಕೇಳಿದೆ.

“ಮಂಚಕ್ಕೇನ್ ಮಾಡ್ತೀಯ?” ಎಂದರು.

“ಮಂಚದ ಮ್ಯಾಲೆ ಹಾಸ್ಗೆ ಹಾಸ್ಕಂತಾರೆ. ಇದು ಬರೀ ಮೈಗೆ ತಾಕ್ತೈತೆ.”

ಅವರು ಗೂಡಿನಿಂದ ಹಾಳೆ ತೆಗೆದುಕೊಟ್ಟರು. ಮಂಚವನ್ನು ಕೊನೆಗೆ, ಬೆಕ್ಕಿನ ನಾಲಿಗೆಯಂತೆ ಒರಟಾದ ಗರಗತ್ತಿ ಎಲೆಯಲ್ಲಿ ಉಜ್ಜಿ ಮುಗಿಸಿದೆವು. ವರ್ತಕರು ಅದನ್ನೇ ಒಪ್ಪಿ ಗಾಡಿಗೆ ಏರಿಸಿಕೊಂಡು ಹೋದರು.

ಎದ್ದ ನಾರಿನ ಮೇಲೆ ನಯದ ಕಾಗದ ಸುಮ್ಮನೆ ಜಾರುತ್ತಿತ್ತು. ಅದಕ್ಕೇ ಮೊದಲು ನಡುವಿನದರಲ್ಲಿ ಉಜ್ಜಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆ. ನಾರು ಎದ್ದಿತು. ನಯದ ಕಾಗದದಲ್ಲಿ ಮರದ ಎಳೆ ಹೋದ ದಿಕ್ಕಿಗೇ ಮೆಲ್ಲಗೆ ಎಳೆದೆ. ಮತ್ತೆ ಒದ್ದೆ, ಮತ್ತೆ ಬಿಸಿಲು. ನೀರು ಸೋಕಿದರೂ ನಾರು ಏಳದಂತಾದ ಮೇಲೆ ಅಗಸೆ ಎಣ್ಣೆ ಸವರಿ, ನನ್ನ ಕಂಕುಳಿಗೇ ಇಟ್ಟು ಅಂಗಳವೆಲ್ಲ ಕುಂಟಿಕೊಂಡು ನಡೆದೆ. ಯಜಮಾನರು ನಕ್ಕರು. ಸಂಜೆ ಕೋಲನ್ನು ಮುದುಕಿಗೆ ಕೊಟ್ಟು ಬಂದೆ.

ಹುಣ್ಣು ಮಾಯ್ದ ಮೇಲೆ ಮುದುಕಿ ತಾನೇ ನಡೆದುಕೊಂಡು ನಮ್ಮ ಬಾಗಿಲಿಗೆ ಬಂದಳು.

“ಕಂಕುಳಿಗೆ ಹಿತವಾಗೈತೆ ಕಣಮ್ಮ. ಆದ್ರೆ ಕೈ ಹಿಡಿಯೋ ತಾವ ಜಾರ್ತೈತಲ್ಲ. ಅಲ್ಲೂ ಯಾಕೆ ಇಂಗೆ ಉಜ್ಜಿಬುಟ್ಟೆ?”

ಹುಮ್ಮಸ್ಸಿನಲ್ಲಿ ಇಡೀ ಕೋಲನ್ನೇ ನುಣ್ಣಗೆ ಮಾಡಿಬಿಟ್ಟಿದ್ದೆ. ಅವಳನ್ನು ಜಗಲಿ ಮೇಲೆ ಕೂರಿಸಿ, ದೊರಗು ಕಾಗದದ ಹರಕು ತುಂಡಿನಿಂದ ಹಿಡಿಯುವ ಜಾಗವನ್ನು ಅಡ್ಡಡ್ಡ ಉಜ್ಜಿದೆ. ಹಿಡಿದು ನೋಡಿ ಸರಿಯಾಯಿತೆಂದು ತಲೆಯಾಡಿಸಿದಳು.

ಮುಂದಿನ ವಾರ ಕೊರಟಗೆರೆ ದಾರಿಯ ಹಳ್ಳಿಯೊಂದರಿಂದ ಅವಳಿಗೆ ಗಾಡಿ ಬಂತು. ಹತ್ತುವಾಗ ಕೋಲನ್ನು ನನ್ನ ಕೈಗೆ ಕೊಟ್ಟಳು. ಹುಲ್ಲಿನ ಮೇಲೆ ಸರಿಯಾಗಿ ಕೂತು, ಕೈ ಚಾಚಿ ಇಸಕೊಂಡು, “ಎಷ್ಟೊತ್ತಾಯ್ತೋ ನೋವು ಬಂದು, ಹೊಡಿಯಪ್ಪ ಬಿರ್ರನೆ” ಎಂದು ಗಾಡಿಯವನನ್ನು ಅವಸರಪಡಿಸಿದಳು.