ಜೇಬಕ್ಕನ ಕೆಂಪು ಜೇಬು

ಆ ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಜೇಬಕ್ಕ ಎನ್ನಬೇಕು. ಆಗ ನೆಲ ಒರೆಸುವವರಿಂದ ಹಿಡಿದು ಎಲುಬಿನ ಡಾಕ್ಟರವರೆಗೆ ಎಲ್ಲರೂ ಕೈ ತೋರಿಸುತ್ತಾರೆ: ಹಿಂದುಗಡೆ, ಲಾಂಡ್ರಿಯ ಪಕ್ಕ, ಹೊಲಿಗೆ ಯಂತ್ರದ ಸದ್ದು ಬರುತ್ತಲ್ಲ, ಆ ಕೋಣೆ. ಈ ಹೆಸರು ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಅದಕ್ಕೆ ಮುಂಚಿನ ಹನ್ನೊಂದು ವರ್ಷ ಅವಳು ಬರೀ ಹೊಲಿಗೆಯವಳು.

ಆ ಹನ್ನೊಂದು ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹರಿದ ಹಾಸುಗಳಿಗೆ ತೇಪೆ ಹಾಕುವುದು, ದಿಂಬಿನ ಚೀಲದ ಬಾಯಿ ಹೊಲಿಯುವುದು, ರೋಗಿಗಳ ತಿಳಿಹಸಿರು ಅಂಗಿಯ ಬೆನ್ನಿಗೆ ಲಾಡಿ ಕೂರಿಸುವುದು. ದಿನಕ್ಕೆ ನಲವತ್ತು ಅಂಗಿ. ಮೂರೂವರೆಗೆ ಒಮ್ಮೆ ಗಡಿಯಾರ ನೋಡುವಳು. ಒಂದು ಯುಗ ಕಳೆದ ಮೇಲೆ ಮತ್ತೆ ನೋಡಿದರೆ ಮೂರೂ ಮೂವತ್ತೈದು. ಐದಕ್ಕೆ ಗಂಟೆ ಹೊಡೆದಾಗ ಸೂಜಿ ಬಟ್ಟೆಯೊಳಗೆ ಅರ್ಧ ಇಳಿದಿದ್ದರೂ ಅಲ್ಲಿಗೇ ಬಿಟ್ಟು ಚೀಲ ಎತ್ತಿಕೊಳ್ಳುತ್ತಿದ್ದಳು. ಇದನ್ನು ಅವಳೇ ಹೇಳಿಕೊಂಡು ನಗುತ್ತಾಳೆ.

ಒಂದೇ ಒಂದು ಹೆಮ್ಮೆ ಇತ್ತು. ಹಾಕಿದ ತೇಪೆ ಕಣ್ಣಿಗೆ ಬೀಳಬಾರದು ಎಂದು ಅವಳಮ್ಮ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಅವಳ ತೇಪೆಯನ್ನು ಬೆರಳಿನಿಂದ ತಡವಿ ಹುಡುಕಬೇಕಿತ್ತು. ಈ ಹೆಮ್ಮೆಯೇ ಮುಂದೆ ಅವಳನ್ನು ಪೇಚಿಗೆ ಸಿಕ್ಕಿಸಿತು.

ಪಕ್ಕದ ಲಾಂಡ್ರಿಯಲ್ಲಿ ನಂದಲ್ಲಪ್ಪ. ಇದೂ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಲ್ಲಿ ಸೋರುತ್ತಿದೆ ಎಂದರೆ "ಅದು ನಂದಲ್ಲ", ಬಾಗಿಲು ತೆರೆದಿದೆ ಎಂದರೆ "ಅದು ನಂದಲ್ಲ", ಹದಿನಾರು ವರ್ಷ ಇದೊಂದೇ ಉತ್ತರ ಕೊಟ್ಟು ಆತ ಸಂಪಾದಿಸಿದ ಬಿರುದು. ಕೊಳೆ ಬಟ್ಟೆ ಬರುತ್ತದೆ, ಒಗೆಯುವ ಡ್ರಮ್ಮಿಗೆ ಹಾಕುತ್ತಾನೆ, ತೆಗೆಯುತ್ತಾನೆ. ಮೇಲಿನ ವಾರ್ಡುಗಳನ್ನು ಆತ ಕಣ್ಣಾರೆ ಕಂಡವನೇ ಅಲ್ಲ.

ಹಾಗೆ ನೋಡಿದರೆ ಅವಳೂ ಕಂಡಿರಲಿಲ್ಲ, ಅವಳ ಮಾವನಿಗೆ ಹರ್ನಿಯಾ ಆಪರೇಷನ್ ಆಗುವವರೆಗೆ. ಮಾವ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು. ಇಸ್ತ್ರಿ ಇಲ್ಲದ ಅಂಗಿ ಹಾಕಿ ಬೀದಿಗೆ ಇಳಿದವರಲ್ಲ. ಸೊಸೆ ಮೇಲೆ ಹೋಗಿ ನೋಡಿದರೆ, ಮನುಷ್ಯ ಹಸಿರು ಅಂಗಿಯಲ್ಲಿ ಮುದುಡಿ ಕೂತಿದ್ದಾರೆ, ಬಲಗೈ ಮುಷ್ಟಿ ಬಿಗಿ. ಮುಷ್ಟಿಯೊಳಗೆ ಕನ್ನಡಕ.

"ಯಾಕೆ ಮಾವ, ಪಕ್ಕದಲ್ಲಿ ಇಡಬಾರ್ದಾ?"

"ನಿನ್ನೆ ಇಟ್ಟೆ. ಯಾರೋ ಎತ್ತಿ ಎಲ್ಲೋ ಇಟ್ರು. ಅರ್ಧ ದಿನ ಲೋಕವೆಲ್ಲ ಮಂಜು." ಮಾವ ಅಂಗಿಯ ಎದೆ ಸವರಿಕೊಂಡರು. ಅಲ್ಲಿ ಏನೂ ಇರಲಿಲ್ಲ. "ಒಂದು ಜೇಬಿಲ್ಲ ನೋಡಮ್ಮ. ಜೇಬಿಲ್ಲದ ಅಂಗಿ ಹಾಕಿಸಿದ್ರೆ ಮನುಷ್ಯ ಅರ್ಧ ಕಳೆದ್ಹೋದ ಹಾಗೇ."

ಅವರನ್ನು ಏಳಿಸಿ ನಡೆಸುವಾಗ ಬೆನ್ನ ಲಾಡಿ ಬಿಚ್ಚಿಹೋಗಿತ್ತು. ಕಟ್ಟಲು ಹೋದವಳು ಗಂಟಿನ ಬುಡದ ಹೊಲಿಗೆ ನೋಡಿದಳು. ಅವಳದೇ. ಹನ್ನೊಂದು ವರ್ಷ ರಾಶಿ ರಾಶಿ ಅಂಗಿ ಹೊಲಿದಿದ್ದಳು, ಒಳಗೆ ಮನುಷ್ಯರಿರುವ ಒಂದು ಅಂಗಿಯನ್ನೂ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಮರುದಿನ ಹರಿದ ಅಂಗಿಯೊಂದರಿಂದ ಅಂಗೈ ಅಗಲದ ತುಂಡು ಕತ್ತರಿಸಿ ಮಾವನ ಅಂಗಿಯ ಎದೆಗೆ ಕೂರಿಸಿದಳು. ಅದೇ ಬಣ್ಣ, ಅದೇ ನೂಲು, ಎಳೆಗೆ ಎಳೆ ಕೂಡಿಸಿದ್ದಳು. ಮಾವ ಕನ್ನಡಕವನ್ನು ಅದರೊಳಗೆ ಇಳಿಬಿಟ್ಟು, ಮೇಲಿನಿಂದ ಎರಡು ಬಾರಿ ತಟ್ಟಿದರು. ಪಕ್ಕದ ಹಾಸಿಗೆಯವರು ಕೇಳಿದರು. ಅದರ ಪಕ್ಕದವರು ಸಿಸ್ಟರನ್ನು ಕೇಳಿದರು. ಸಿಸ್ಟರು ಕೆಳಗಿಳಿದು ಬಂದರು. ನಾಲ್ಕು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಂಗಿಗೆ ಜೇಬು ಬಿತ್ತು, ಅವಳಿಗೆ ಹೆಸರೂ ಬಿತ್ತು.

ಸಂಜೆ ಹೊತ್ತಾಗಿ ಮನೆಗೆ ಬರತೊಡಗಿದಾಗ ಗಂಡ ಹುಬ್ಬೇರಿಸಿದ.

"ಸಂಬಳ ಜಾಸ್ತಿ ಮಾಡಿದ್ರಾ?"

"ಇಲ್ಲ ರೀ."

"ಯಾರಾದ್ರೂ ಮಾಡು ಅಂದ್ರಾ?"

"ಇಲ್ಲಪ್ಪ."

"ಮತ್ತೆ ನಿಂಗೇನು ಬಂತೇ?"

ಒಳಗಿನಿಂದ ಮಾವ ಕೂಗಿದರು: "ಅವಳಿಗೆ ಕೆಲಸ ಬಂತು ಕಣೋ! ಹನ್ನೊಂದು ವರ್ಷ ಬರೀ ನೌಕರಿ ಇತ್ತು."

ಆಮೇಲೆ ಹಲ್ಲಿನ ಪ್ರಕರಣ ನಡೆಯಿತು. ಮೂರನೇ ಮಹಡಿಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಊಟವಾದ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ ತೆಗೆದು ಜೇಬಿಗೆ ಹಾಕಿಕೊಳ್ಳುವುದು ರೂಢಿ. ಒಂದು ಬೆಳಿಗ್ಗೆ ಅಂಗಿ ಬದಲಾಯಿತು, ಹಲ್ಲು ಒಳಗೇ ಉಳಿಯಿತು. ಡ್ರಮ್ಮು ಮುಕ್ಕಾಲು ಗಂಟೆ ತಿರುಗಿತು. ಹೊರಗೆ ಬಂದಾಗ ಹಲ್ಲು ಹಿಂದೆಂದೂ ಇಲ್ಲದಷ್ಟು ಬೆಳ್ಳಗಿತ್ತು, ಮೂರು ಚೂರಾಗಿತ್ತು. ಡ್ರಮ್ಮಿನ ಬಾಗಿಲ ರಬ್ಬರೂ ಸೀಳಿ ನೀರು ಕಾರಿಡಾರಿಗೆ ಹರಿಯಿತು. ಇಡೀ ಆಸ್ಪತ್ರೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಜೇಬಕ್ಕ ನಗಲಿಲ್ಲ.

ಬಟ್ಟೆಬರೆಯ ಲೆಕ್ಕ ನೋಡುವ ಸ್ಟೋರ್ ಸಾಹೇಬರು ಇಬ್ಬರನ್ನೂ ಕರೆಸಿದರು. ಸಾಹೇಬರು ಕೆಟ್ಟವರಲ್ಲ, ಕಾಗದ ನೆಟ್ಟಗಿದ್ದರೆ ಲೋಕವೂ ನೆಟ್ಟಗಿದೆ ಎಂದು ನಂಬಿದವರು.

"ಜೇಬು ನಂದಲ್ಲ," ಎಂದು ನಂದಲ್ಲಪ್ಪ ಮೊದಲೇ ಕೈ ತೊಳೆದುಕೊಂಡ.

"ನೋಡಮ್ಮ, ತಿಂಗಳ ಕೊನೆಯೊಳಗೆ ಅಷ್ಟೂ ಜೇಬು ಬಿಚ್ಚಬೇಕು. ಒಂದನೇ ತಾರೀಖಿಂದ ನೀವು ಸ್ಟೋರಲ್ಲಿ ಕೂತ್ಕೊಳ್ಳಿ. ಬಟ್ಟೆ ಎಣಿಸಿ ಕೊಡೋದು, ಅಷ್ಟೇ. ಫ್ಯಾನಿದೆ, ಚಕ್ರದ ಕುರ್ಚಿ ಇದೆ. ಹೊಲಿಗೆ ಹೊರಗಡೆಯವರಿಗೆ ಕೊಡೋಣ."

ಮನೆಯಲ್ಲಿ ಗಂಡ ಕುಣಿದಾಡುವುದೊಂದು ಬಾಕಿ. ಕೂತಲ್ಲೇ ಸಂಬಳ! ತಂಗಿಗೆ ಫೋನು ಮಾಡಿ "ನಿಮ್ಮತ್ತಿಗೆಗೆ ಚಕ್ರದ ಕುರ್ಚಿ" ಎಂದ. ಆ ತಂಗಿ ರೋಗಿಗಳ ಗಾಲಿಕುರ್ಚಿ ಎಂದುಕೊಂಡು ಗಾಬರಿಯಾಗಿ ಅತ್ತಳು. ಜೇಬಕ್ಕ ಅಡುಗೆಮನೆಯಲ್ಲಿ ನಿಂತು ತಾನೂ ಅತ್ತಳು. ಆ ಯಂತ್ರದ ಮುಂದಿನಿಂದ ಎಬ್ಬಿಸಿದರೆ ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತು. ಕೈಯಲ್ಲಿ ಉಳಿದದ್ದು ಹನ್ನೆರಡು ದಿನ.

ಮೊದಲು ಹೋದದ್ದು ಕಂಡಕ್ಟರರ ಹತ್ತಿರ, ಕ್ಷಮೆ ಕೇಳಲು. ಬೊಚ್ಚು ಬಾಯಿಯ ಮುದುಕ ಗಂಜಿ ಬಟ್ಟಲು ಕೆಳಗಿಟ್ಟು ರೇಗಿದರು.

"ನೀನ್ಯಾಕಮ್ಮ ಕ್ಷಮೆ ಕೇಳ್ತೀಯ? ಹಲ್ಲು ಇಟ್ಟೋನು ನಾನು. ಆದ್ರೆ ಒಂದ್ಮಾತು. ಅಂಗಿ ಬಿಚ್ಚಿ ಕೊಡೋವಾಗ ಸಿಸ್ಟರ್ ತಿರುಗಿಸಿ ಮುರುಗಿಸಿ ನೋಡಿದ್ರು. ಅವ್ರಿಗೆ ಜೇಬೇ ಕಾಣಲಿಲ್ಲ! ಬಸ್ಸಲ್ಲಿ ನಮ್ ದುಡ್ಡಿನ ಚೀಲ ಹೇಗಿರ್ತಿತ್ತು ಗೊತ್ತಾ? ಬಸ್ಸಿನ ಆ ತುದಿಯಿಂದ ಕಾಣ್ತಿತ್ತು. ಯಾರಾದ್ರೂ ಕೈ ಹಾಕಿದ್ರೆ ಎಲ್ರಿಗೂ ಗೊತ್ತಾಗ್ಲಿ ಅಂತ."

ಜೇಬಕ್ಕ ಮೆಟ್ಟಿಲಿಳಿದು ತನ್ನ ಕೋಣೆಗೆ ನಡೆದಳು. ಇಷ್ಟು ದಿನ ಡ್ರಮ್ಮನ್ನೂ ನಂದಲ್ಲಪ್ಪನನ್ನೂ ಬೈದುಕೊಂಡಿದ್ದಳು. ತಪ್ಪು ಅವಳ ಬೆರಳ ತುದಿಯಲ್ಲೇ ಇತ್ತು. ಅಷ್ಟು ಚೆನ್ನಾಗಿ ಹೊಲಿದಿದ್ದಳು, ಜೇಬು ಮಾಯವಾಗಿತ್ತು.

ಕೋಣೆಯ ಮೂಲೆಯಲ್ಲಿ ಎಸೆಯಲು ಇಟ್ಟ ಹಳೆಯ ಕೆಂಪು ಪರದೆಗಳ ಗಂಟು ಬಿದ್ದಿತ್ತು. ಒಂದನ್ನು ಎಳೆದು ಕತ್ತರಿಸಿದಳು. ಹಸಿರು ಅಂಗಿಯ ಮೇಲೆ ಕೆಂಪು ಜೇಬು, ಬಿಳಿ ನೂಲಿನ ದಪ್ಪ ದಪ್ಪ ಹೊಲಿಗೆ. ಅಮ್ಮ ಇದ್ದಿದ್ದರೆ ಕೈಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದಳು. ಜೇಬಿನ ಚೀಲವನ್ನು ಉದ್ದ ಬಿಟ್ಟು ಒಳಗೆ ಇಳಿಬಿಟ್ಟಳು. ಎಳೆದರೆ ನಾಲಿಗೆಯ ಹಾಗೆ ಹೊರಗೆ ಜೋತುಬೀಳಬೇಕು. ಅದನ್ನು ಹಿಡಿದು ನೇರ ನಂದಲ್ಲಪ್ಪನ ಮುಂದೆ ನಿಂತಳು.

"ಇದು ನಂದ..." ಎಂದು ಆತ ಶುರುಮಾಡಿದ.

"ನಿಂದಲ್ಲ ಅಂತ ಗೊತ್ತಪ್ಪ. ಸುಮ್ನೆ ನೋಡು. ವಾರ್ಡಲ್ಲಿ ಅಂಗಿ ತೆಗೆಯೋವಾಗ ನಾಲಿಗೆ ಹೊರಗೆ ಎಳೀತಾರೆ. ನಾಲಿಗೆ ಹೊರಗಿದ್ರೆ ಜೇಬು ಖಾಲಿ. ಒಳಗಿದ್ರೆ ನೀನು ಡ್ರಮ್ಮಿಗೆ ಹಾಕ್ಬೇಡ, ಪಕ್ಕಕ್ಕಿಡು."

ಆತ ಅಂಗಿಯನ್ನು ಬೆಳಕಿಗೆ ಹಿಡಿದ. "ಕೆಂಪು ಬಣ್ಣ ಬಿಟ್ರೆ? ಇನ್ನೂರು ಅಂಗಿ ಹಾಳಾಗ್ತವೆ."

"ಈ ಪರದೆನ ಹತ್ತು ವರ್ಷದಿಂದ ಕುದಿಸ್ತಿರೋನು ಯಾರು? ಬಿಡೋ ಬಣ್ಣ ಎಲ್ಲಾ ಯಾವತ್ತೋ ಬಿಟ್ಟಾಯ್ತು."

ನಂದಲ್ಲಪ್ಪನ ತುಟಿಯ ಮೇಲೆ ನಗು ಸುಳಿಯಿತು. ತನ್ನ ಕೆಲಸವನ್ನು ಯಾರೋ ಗಮನಿಸಿದ್ದಾರೆ ಎಂದು ಆತನಿಗೆ ಗೊತ್ತಾದದ್ದು ಬಹುಶಃ ಅದೇ ಮೊದಲು. ಅಂಗಿಯನ್ನು ತಾನೇ ಒಗೆದ. ಆರು ಬಾರಿ. ನೀರಿನಲ್ಲಿ ಕೆಂಪಿನ ಎಳೆಯೂ ಇರಲಿಲ್ಲ.

ಜೇಬಕ್ಕ ಬಿಚ್ಚಬೇಕಾದ ಜೇಬುಗಳನ್ನು ಬಿಚ್ಚಿದಳು, ಬಿಚ್ಚಿದಲ್ಲೆಲ್ಲ ಕೆಂಪು ಕೂರಿಸಿದಳು. ಹನ್ನೊಂದನೇ ದಿನ ಇಬ್ಬರೂ ಸಾಹೇಬರ ಮೇಜಿನ ಮೇಲೆ ಅಂಗಿ ಹರಡಿದರು. ಸಾಹೇಬರು ನಾಲಿಗೆಯನ್ನು ಎಳೆದರು, ಒಳಗೆ ತಳ್ಳಿದರು, ಮತ್ತೆ ಎಳೆದರು. ಆಟ ಅವರಿಗೂ ಹಿಡಿಸಿದಂತಿತ್ತು. ಆಮೇಲೆ ಮುಖ ಗಂಟು ಹಾಕಿಕೊಂಡರು.

"ಸರಿ. ಆದ್ರೆ ಮತ್ತೆ ಏನಾದ್ರೂ ಡ್ರಮ್ಮಿಗೆ ಹೋದ್ರೆ ಹೊಣೆ ಯಾರು? ಹೊಲಿಗೆಯವರು ಬರೆದುಕೊಟ್ರೆ ಆಗಲ್ಲ. ಲಾಂಡ್ರಿಯವರು ಬರ್ಕೊಡ್ಬೇಕು. ಇಲ್ದಿದ್ರೆ ಅಮ್ಮ ನಾಳಿದ್ದು ಸ್ಟೋರಿಗೆ ಬರ್ತಾರೆ."

ಸಾಹೇಬರು ಒಂದು ಕಾಗದ ಮುಂದೆ ತಳ್ಳಿದರು. ಜೇಬಕ್ಕ ನೆಲ ನೋಡಿದಳು. ಹಾಜರಿ ಪುಸ್ತಕ ಮತ್ತು ಸಂಬಳದ ಹಾಳೆ ಬಿಟ್ಟರೆ ನಂದಲ್ಲಪ್ಪ ಹದಿನಾರು ವರ್ಷದಲ್ಲಿ ಎಲ್ಲಿಯೂ ಸಹಿ ಹಾಕಿದವನಲ್ಲ. ಆತನ ಬಾಯಿಂದ ಯಾವ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಿದರೆ, ಆತ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಾಹೇಬರ ಪೆನ್ನಿಗೆ ಕೈ ಚಾಚಿದ್ದ.

ಈಗ ಚಕ್ರದ ಕುರ್ಚಿಯ ಮೇಲೆ ಸ್ಟೋರಿನ ಬೆಕ್ಕು ಮಲಗುತ್ತದೆ. ಗಂಡ ವಾರವೊಂದು ಮುಖ ಊದಿಸಿಕೊಂಡು, ಅದೂ ಬೇಸರವಾಗಿ, ತನ್ನ ಹಳೆಯ ಅಂಗಿಗೊಂದು ಜೇಬು ಹಾಕಿಸಿಕೊಂಡ. ಕಂಡಕ್ಟರು ಹೊಸ ಹಲ್ಲಿನಲ್ಲಿ ನಗುತ್ತ ಮನೆಗೆ ಹೋದರು.

ಅದಾದ ಮೊದಲ ತಿಂಗಳ ಒಂದು ಸಂಜೆ. ಐದರ ಗಂಟೆ ಹೊಡೆದದ್ದು ಜೇಬಕ್ಕನಿಗೆ ಕೇಳಿಸಲಿಲ್ಲ. ನಂದಲ್ಲಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲೊಂದು ಸಣ್ಣ ಕಿವಿಯ ಯಂತ್ರ. "ನಾಲಿಗೆ ಒಳಗಿತ್ತಕ್ಕ. ಎರಡನೇ ಮಹಡಿ ಮೂಟೆ."

"ಕೊಟ್ಟೋಗು, ನಾಳೆ ಸಿಸ್ಟರ್ ಬಂದಾಗ ಕೊಡ್ತೀನಿ. ನಿಂದು ಡ್ಯೂಟಿ ಮುಗೀತಲ್ಲ."

"ನಾಳೆವರೆಗೆ ಅವ್ರಿಗೆ ಯಾರ ಮಾತೂ ಕೇಳ್ಸಲ್ವಲ್ಲ," ಎಂದು ಆತ ಮೆಟ್ಟಿಲ ಕಡೆ ನಡೆದ. ಇಳಿದು ಬರಲು ಅರ್ಧ ಗಂಟೆ ಹಿಡಿಯಿತು. ಬಂದವನು ಮುರುಕು ಸ್ಟೂಲಿನ ಮೇಲೆ ಕೂತ.

"ಸಿಕ್ಕಿದ್ರಾ?"

"ಸಿಕ್ಕಿದ್ರು. ಒಬ್ಬ ಅಜ್ಜಿ. ಕಿವಿಗೆ ಹಾಕ್ಕೊಂಡು ನನ್ನ ಕೈ ಹಿಡ್ಕೊಂಡ್ಬಿಟ್ರು." ಆತ ತನ್ನ ನೀರು ತಿಂದ ಬೆರಳುಗಳನ್ನು ನೋಡಿಕೊಂಡ. "ಸಾಲಾಗಿ ಎಲ್ಲರೂ ಮಲಗಿದ್ರು ಅಕ್ಕ, ಕಿಟಕಿಯಿಂದ ಬಿಸಿಲು ಬೀಳ್ತಿತ್ತು. ಎಷ್ಟು ಶುಭ್ರ ಅಂಗಿ ಅಂತೀಯಾ! ಯಾರಪ್ಪ ಒಗೆದಿದ್ದು ಅಂತ ಒಂದು ಗಳಿಗೆ ಅಂದ್ಕೊಂಡೆ."

ಆಮೇಲೆ, ಯಾರೂ ಕೇಳದಿದ್ದರೂ, ತಾನೇ ಹೇಳಿದ: "ನಾನೇ ಕಣಕ್ಕ. ಅಷ್ಟೂ ನಂದೇ."